ಟೀಚರಮ್ಮನಿಗೆ, ಸ್ಯಾಂಕಿ ರಸ್ತೆಯಿಂದ

ಬೆಂಗಳೂರಿನ ಸ್ಯಾಂಕಿ ಕೆರೆ ಪಕ್ಕದ ಮೇಲ್ಸೇತುವೆಯೂ ರಸ್ತೆ ಅಗಲೀಕರಣವೂ ಸದ್ಯಕ್ಕೆ ನಿಂತಿವೆ. ಸುದ್ದಿ ಓದಿದ ದಿನವೇ ಬರೆಯೋಣ ಅಂತ ಕೂತೆ, ಕೈ ಓಡಲಿಲ್ಲ. ಭಾಷ್ಯಂ ಸರ್ಕಲ್‌ನಿಂದ ಮಲ್ಲೇಶ್ವರದ 18ನೇ ಕ್ರಾಸ್‌ವರೆಗೆ ಮೇಲ್ಸೇತುವೆ ಕಟ್ಟಲು ಹೊರಟಿದ್ದರು, ಮರಗಳು ಹೋಗುತ್ತವೆ ಅಂತ ನಾವು ಬೇಡ ಅಂದೆವು ಅನ್ನೋದು ನಿಮಗೆಲ್ಲ ಗೊತ್ತೇ ಇದೆ.

ಸಹಿ ಹಾಕಿದವರಿಗೆ, ಮನೆಮನೆ ಸುತ್ತಿ ಹಾಕಿಸಿದವರಿಗೆ, ಮರಗಳನ್ನು ಒಂದೊಂದಾಗಿ ಎಣಿಸಿದ ಹುಡುಗರಿಗೆ, ಕಾಗದಪತ್ರ ನೋಡಿಕೊಟ್ಟ ವಕೀಲರಿಗೆ, ನಮ್ಮ ಜೊತೆ ಹೆಜ್ಜೆ ಹಾಕಿದ ಶಾಲಾ ಮಕ್ಕಳಿಗೆ ಕೈಮುಗಿಯುತ್ತೇನೆ.

ಟೀಚರಮ್ಮನ ವಿಷಯ ಮಾತ್ರ ಒಂದು ಸಾಲಿಗೆ ಮುಗಿಯುವುದಿಲ್ಲ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

2023ರ ಫೆಬ್ರವರಿಯಲ್ಲಿ ನಾವು ಸುಮ್ಮನೆ, ಘೋಷಣೆಯೂ ಕೂಗದೆ ನಡೆದೆವು. ಆಮೇಲೆ ನಮ್ಮ ಮೇಲೆ ಪೊಲೀಸ್ ಕೇಸು ಬಿತ್ತು. ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಪ್ರತಿಭಟಿಸುವಂತಿಲ್ಲವಂತೆ. ಅವತ್ತು ಮನೆಯಲ್ಲಿ ನಾನು, ಮಗಳು ಇಬ್ಬರೇ. ಒಂಬತ್ತು ವರ್ಷದ ಕೂಸು, ರಟ್ಟಿನ ಮೇಲೆ ತಾನೇ ಮರ ಬರೆದು ನಡಿಗೆಗೆ ಹಿಡಿದುಕೊಂಡು ಬಂದಿದ್ದಳು. ರಾತ್ರಿ ಹತ್ತಕ್ಕೆ ಟೀಚರಮ್ಮನಿಗೆ ಫೋನ್ ಮಾಡಿದೆ. ಅಳು ಬಂತು, ಮಾತು ಬರಲಿಲ್ಲ.

ಕಾಲು ಗಂಟೆಯಲ್ಲಿ ಬಂದರು. ಒಂದು ಕೈಯಲ್ಲಿ ನೆನೆಹಾಕಿದ ಅವರೆಕಾಳಿನ ಪಾತ್ರೆ, ಇನ್ನೊಂದರಲ್ಲಿ 2011ರ ಫೈಲು. ಇದೇ ರಸ್ತೆಯನ್ನು ಆಗ ಅಗಲ ಮಾಡಲು ಬಂದಾಗ ಬೀದಿಗಿಳಿದವರಲ್ಲಿ ಅವರೂ ಒಬ್ಬರು. ಅಡುಗೆಮನೆ ನೆಲದಲ್ಲೇ ಕೂತು ಕಾಳು ಹಿತಕತೊಡಗಿದರು. ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಪಾತ್ರೆಗೆ, ಸಿಪ್ಪೆ ಪೇಪರಿಗೆ.

“ಮಗೂನ ಕರ್ಕೊಂಡು ಹೋಗಬಾರದಿತ್ತು ಟೀಚರಮ್ಮ. ಮರ ಹೋದರೆ ಹೋಗಲಿ, ನನಗೆ ಇದ್ಯಾವುದೂ ಬೇಡ.” ಇದು ನಾನೇ ಆಡಿದ ಮಾತು. ವೇದಿಕೆ ಮೇಲೆ ನನ್ನನ್ನು ಧೈರ್ಯವಂತೆ ಅಂದಿರಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಬುದ್ಧಿ ಹೇಳಲಿಲ್ಲ. “ಆಗ ನಂಗೂ ಹಿಂಗೇ ಆಗಿತ್ತು ಕಣಮ್ಮ. ಮರ ಬಿದ್ದ ಜಾಗದಲ್ಲಿ ಒಂದು ವಾರ ಓಡಾಡಕ್ಕಾಗಲಿಲ್ಲ,” ಅಂದರು. ಪಾತ್ರೆಯನ್ನು ನನ್ನ ಕಡೆ ತಳ್ಳಿದರು. ಮೂರು ಗಂಟೆಯವರೆಗೂ ಇಬ್ಬರೂ ಹಿತಕುತ್ತಲೇ ಇದ್ದೆವು. ಬೆರಳ ತುದಿಯೆಲ್ಲ ಸುಕ್ಕುಗಟ್ಟಿತ್ತು, ಸೊಗಡಿನ ವಾಸನೆ. ಮಗಳು ನಡುವೆ ಒಮ್ಮೆ ಎದ್ದು ಬಂದು ಅವರ ತೊಡೆ ಮೇಲೇ ಮಲಗಿಬಿಟ್ಟಳು.

ಬೆಳಗಾದ ಮೇಲೆ ಅವಳ ಕೈಹಿಡಿದು ಕೆರೆ ಏರಿಗೆ ಕರೆದೊಯ್ದವರೂ ಅವರೇ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಅಂತ ಪಾಠ ಮಾಡಿದರಂತೆ. ವಾಪಸ್ ಬಂದವಳು ರಟ್ಟಿನ ಮರಕ್ಕೆ ಒಂದು ಹಕ್ಕಿ ಸೇರಿಸಿದಳು. ಅದನ್ನು ನೋಡಿದ ಮೇಲೆ ನಾನು ಸ್ನಾನ ಮಾಡಿ ಸಭೆಗೆ ಹೊರಟೆ.

ಟೀಚರಮ್ಮ, ಯೋಜನೆ ಮತ್ತೆ ಎದ್ದು ಬಂದರೂ ಬರಬಹುದು ಅಂತ ನೀವೇ ಹೇಳಿದ್ದೀರಿ. ಫೈಲು ನನ್ನ ಹತ್ತಿರವೇ ಇದೆ, ಜೋಪಾನವಾಗಿದೆ. ಡಿಸೆಂಬರಿನಲ್ಲಿ ಸೊಗಡವರೆ ಬರಲಿ, ಈ ಸಲ ಕಾಳು ನೆನೆಹಾಕಿಕೊಂಡು ನಾನೇ ನಿಮ್ಮ ಮನೆಗೆ ಬರುತ್ತೇನೆ.