ಇ.ಆರ್. ನೆಗೆಟಿವ್, ಪಿ.ಆರ್. ಪಾಸಿಟಿವ್ ಎಂಬ ವರದಿಯ ಮರುಪರೀಕ್ಷೆ ಕೋರಿ ದೂರು

ಇವರಿಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು,
ರೋಗಪತ್ತೆ ಪ್ರಯೋಗಾಲಯದ ಕೇಂದ್ರ ಕಚೇರಿ,
ಬೆಂಗಳೂರು.

ವಿಷಯ: ಸ್ತನ ಕ್ಯಾನ್ಸರ್‌ನ ಹಾರ್ಮೋನ್ ರಿಸೆಪ್ಟರ್ (ಹಾರ್ಮೋನು ಬಂದು ಸೇರುವ, ಕೋಶದೊಳಗಿನ ಪ್ರೋಟೀನು) ವರದಿಯಲ್ಲಿನ ಲೋಪ ಹಾಗೂ ಪ್ಯಾರಾಫಿನ್ ಬ್ಲಾಕ್ (ಗೆಡ್ಡೆಯ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) ಕೊಡಲು ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

58 ವರ್ಷದ ನನ್ನ ಅಕ್ಕನವರಿಗೆ ಕಳೆದ ತಿಂಗಳು ದಾವಣಗೆರೆಯಲ್ಲಿ ಸ್ತನದ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಗೆಡ್ಡೆಯನ್ನು ಅಲ್ಲಿನ ನಿಮ್ಮ ಸಂಗ್ರಹಣಾ ಕೇಂದ್ರದ ಮೂಲಕವೇ ಪರೀಕ್ಷೆಗೆ ಕಳುಹಿಸಲಾಗಿತ್ತು. ನೀವು ಕೊಟ್ಟ ವರದಿಯಲ್ಲಿ 'ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 1' (ಹಾಲಿನ ನಾಳದಲ್ಲಿ ಹುಟ್ಟಿ ಸುತ್ತ ಹರಡಿದ, ಕೋಶಗಳು ಸಹಜ ಕೋಶಗಳನ್ನೇ ಬಹುಮಟ್ಟಿಗೆ ಹೋಲುವ ಕ್ಯಾನ್ಸರ್) ಎಂದಿದ್ದು, ಅದರ ಕೆಳಗೆ ಇ.ಆರ್. (ಈಸ್ಟ್ರೋಜೆನ್ ರಿಸೆಪ್ಟರ್) ನೆಗೆಟಿವ್, ಪಿ.ಆರ್. (ಪ್ರೊಜೆಸ್ಟರಾನ್ ರಿಸೆಪ್ಟರ್) ಪಾಸಿಟಿವ್, ಹರ್2 (ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಇನ್ನೊಂದು ರಿಸೆಪ್ಟರ್) ನೆಗೆಟಿವ್ ಎಂಬ ಮೂರು ಸಾಲುಗಳಿವೆ. ಬೇರೇನೂ ಇಲ್ಲ. ಈ ವರದಿಯನ್ನು ನೆಚ್ಚಿಕೊಂಡು ಚಿಕಿತ್ಸೆ ನಿರ್ಧರಿಸಲಾಗದು, ಮೊದಲು ಮರುಪರೀಕ್ಷೆ ಮಾಡಿಸಿ ಎಂದು ಕ್ಯಾನ್ಸರ್ ತಜ್ಞರು ಹೇಳಿದ್ದಾರೆ. ಅದಕ್ಕಾಗಿ ನಾವು ಸಲ್ಲಿಸಿದ ಕೋರಿಕೆಯನ್ನು ನಿಮ್ಮ ಸಹಾಯವಾಣಿಯವರು 'ವರದಿ ಸರಿಯಾಗಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಬ್ಲಾಕ್ ಕೇಳಿದ್ದಕ್ಕೆ ಅದು ಸಂಸ್ಥೆಯ ಸ್ವತ್ತು ಎಂದಿದ್ದಾರೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರೋಗಶಾಸ್ತ್ರಜ್ಞಳಲ್ಲದಿದ್ದರೂ ಈ ಮೂರು ಸಾಲುಗಳಲ್ಲಿ ಹೊಂದಾಣಿಕೆಯಿಲ್ಲ ಎಂಬುದು ನನಗೂ ಕಾಣುತ್ತಿದೆ. ಈಸ್ಟ್ರೋಜೆನ್ ರಿಸೆಪ್ಟರ್ ಇರುವುದು ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ. ಹಾರ್ಮೋನು ಬಂದು ಸೇರಿದಾಗ ಎರಡೆರಡು ರಿಸೆಪ್ಟರ್‌ಗಳು ಜೋಡಿಯಾಗಿ ಡಿ.ಎನ್.ಎ.ಗೆ ಅಂಟಿಕೊಂಡು ಕೆಲವು ಜೀನ್‌ಗಳನ್ನು ಚಾಲನೆಗೊಳಿಸುತ್ತವೆ. ಕೋಶ ವಿಭಜನೆಗೆ ಕುಮ್ಮಕ್ಕು ಕೊಡುವ ಜೀನ್‌ಗಳ ಜೊತೆಗೆ ಪ್ರೊಜೆಸ್ಟರಾನ್ ರಿಸೆಪ್ಟರಿನ ಜೀನ್ ಕೂಡ ಅವುಗಳಲ್ಲೊಂದು. ಅಂದರೆ ಪಿ.ಆರ್. ಇದೆ ಎಂದರೆ ಅದನ್ನು ಹುಟ್ಟಿಸುವ ಇ.ಆರ್. ಅಲ್ಲಿ ಕೆಲಸ ಮಾಡುತ್ತಿರಬೇಕೆಂದೇ ಸಾಮಾನ್ಯವಾಗಿ ತಿಳಿಯಬೇಕು. ಇ.ಆರ್. ಇಲ್ಲದೆ ಪಿ.ಆರ್. ಮಾತ್ರ ಇರುವ ಗೆಡ್ಡೆಗಳು ತೀರಾ ವಿರಳ. ಅಂಥ ಫಲಿತಾಂಶ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಪರೀಕ್ಷೆಯನ್ನೇ. ಅದರಲ್ಲೂ ಗ್ರೇಡ್ 1ರ ಗೆಡ್ಡೆಗಳಲ್ಲಿ ಬಹುಪಾಲು ಇ.ಆರ್. ಪಾಸಿಟಿವ್ ಆಗಿಯೇ ಇರುತ್ತವೆ. ಒಂದೇ ಹಾಳೆಯಲ್ಲಿ ಎರಡು ಎಚ್ಚರಿಕೆಗಳಿದ್ದರೂ ಸಹಿ ಮಾಡಿದವರು ಇನ್ನೊಮ್ಮೆ ನೋಡಲಿಲ್ಲವೆಂಬುದೇ ನನ್ನ ಮುಖ್ಯ ದೂರು.

ವರದಿಯಲ್ಲಿ ಇಲ್ಲದಿರುವ ವಿವರಗಳೂ ಅಷ್ಟೇ ಗಂಭೀರವಾದವು. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸಂಘ ಮತ್ತು ರೋಗಶಾಸ್ತ್ರಜ್ಞರ ಸಂಘ ಸೇರಿ 2010ರಲ್ಲಿ ಹೊರತಂದು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ರಿಸೆಪ್ಟರ್ ಇರುವಲ್ಲಿ ಬಣ್ಣ ಮೂಡಿಸುವ ಈ ಪರೀಕ್ಷೆಯಲ್ಲಿ ಗೆಡ್ಡೆಯ ಕೋಶಗಳಲ್ಲಿ ಶೇ. 1ರಷ್ಟು ನ್ಯೂಕ್ಲಿಯಸ್‌ಗಳು ಬಣ್ಣ ಹಿಡಿದರೂ ಅದು ಪಾಸಿಟಿವ್, ಶೇ. 1ರಿಂದ 10ರವರೆಗಿನದನ್ನು 'ಲೋ ಪಾಸಿಟಿವ್' ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ನಿಮ್ಮ ವರದಿಯಲ್ಲಿ ಶೇಕಡಾವಾರು ಇಲ್ಲ, ಬಣ್ಣದ ತೀವ್ರತೆ ಇಲ್ಲ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತೋರಿಸುವ ಕಂಟ್ರೋಲ್‌ಗಳ ಮಾತೇ ಇಲ್ಲ. ಗೆಡ್ಡೆಯ ಅಂಚಿನಲ್ಲಿ ಉಳಿದಿರುವ ಸಹಜ ಹಾಲಿನ ನಾಳಗಳಲ್ಲಿ ಕೆಲವು ಕೋಶಗಳ ನ್ಯೂಕ್ಲಿಯಸ್ ಇ.ಆರ್. ಪರೀಕ್ಷೆಯಲ್ಲಿ ಕಂದುಬಣ್ಣಕ್ಕೆ ತಿರುಗಲೇಬೇಕು. ಅವೂ ಬಣ್ಣ ಹಿಡಿಯದಿದ್ದರೆ ಗೆಡ್ಡೆ ನೆಗೆಟಿವ್ ಎಂದಲ್ಲ, ಪರೀಕ್ಷೆ ಕೆಟ್ಟಿದೆ ಎಂದರ್ಥ. ನಮ್ಮ ಸ್ಲೈಡಿನಲ್ಲಿ ಆ ನಾಳಗಳು ಹೇಗಿದ್ದವು ಎಂಬ ಪ್ರಶ್ನೆಗೆ ನಿಮ್ಮಿಂದ ಉತ್ತರ ಬಂದಿಲ್ಲ.

ಪರೀಕ್ಷೆ ಕೆಟ್ಟಿರಬಹುದು ಎನ್ನಲು ನನಗೆ ಕಾರಣವಿದೆ. ಗೆಡ್ಡೆ ತೆಗೆದದ್ದು ಶನಿವಾರ ಮಧ್ಯಾಹ್ನ. ಅಂದು ಸಂಜೆಯೇ ನಿಮ್ಮ ಸಂಗ್ರಹಣಾ ಕೇಂದ್ರದವರು ಡಬ್ಬಿಯನ್ನು ಒಯ್ದರು. ಅದು ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪಿದ್ದು ಬುಧವಾರ ಎಂದು ನಿಮ್ಮದೇ ರಸೀದಿ ಹೇಳುತ್ತದೆ. ತೆಗೆದ ಒಂದು ಗಂಟೆಯೊಳಗೆ ಅಂಗಾಂಶವನ್ನು, ಅದು ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಬೇಕು, ಅದು ಅಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು ಎಂದು ಅದೇ ಮಾರ್ಗಸೂಚಿ ವಿಧಿಸುತ್ತದೆ. ಇಡೀ ಗೆಡ್ಡೆಯನ್ನು ಹೋಳು ಮಾಡದೆ ಮುಳುಗಿಸಿಟ್ಟರೆ ಫಾರ್ಮಲಿನ್ ಒಳಭಾಗಕ್ಕೆ ಬೇಗ ಇಳಿಯುವುದೂ ಇಲ್ಲ. ಹೋಳು ಮಾಡಿದವರು ಯಾರು, ಯಾವಾಗ ಎಂಬುದಕ್ಕೆ ನಿಮ್ಮಲ್ಲಿ ದಾಖಲೆ ಇದ್ದರೆ ತೋರಿಸಿ.

ಇದು ಕಾಗದದ ಮೇಲಿನ ತಕರಾರಲ್ಲ. ಇ.ಆರ್. ಪಾಸಿಟಿವ್ ಆದವರಲ್ಲಿ ಟ್ಯಾಮಾಕ್ಸಿಫೆನ್ ಎಂಬ ಔಷಧ ಆ ರಿಸೆಪ್ಟರನ್ನೇ ಆಕ್ರಮಿಸಿ ಈಸ್ಟ್ರೋಜೆನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಜೋಲ್ ಈಸ್ಟ್ರೋಜೆನ್ ತಯಾರಿಯನ್ನೇ ತಡೆಯುತ್ತದೆ. ಐದು ವರ್ಷ ಟ್ಯಾಮಾಕ್ಸಿಫೆನ್ ಸೇವಿಸಿದ ಇಂಥ ರೋಗಿಗಳಲ್ಲಿ 15 ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿರುವುದು ಸಾಬೀತಾಗಿದೆ. ದಿನಕ್ಕೊಂದು ಮಾತ್ರೆ, ಬೆಲೆಯೂ ಕೈಗೆಟುಕುವಂಥದ್ದು. ಇ.ಆರ್. ಸಾಲು ತಪ್ಪಾದರೆ ಈ ರಕ್ಷಣೆ ಕೈತಪ್ಪಬಹುದು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1997ರಿಂದ 2005ರವರೆಗೆ ಇದೇ ಪರೀಕ್ಷೆಯ ದೋಷದಿಂದ ಮುನ್ನೂರಕ್ಕೂ ಹೆಚ್ಚು ರೋಗಿಗಳಿಗೆ ತಪ್ಪು ಫಲಿತಾಂಶ ಹೋಗಿತ್ತು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ಆ ವೈಫಲ್ಯವನ್ನು ಬಿಡಿಬಿಡಿಯಾಗಿ ದಾಖಲಿಸಿದೆ. ಹಾರ್ಮೋನ್ ಚಿಕಿತ್ಸೆಯ ಪ್ರಯೋಜನ ಪಡೆಯುವ ಅವಕಾಶವೇ ಸಿಗದೆ ಅಲ್ಲಿ ಹೆಣ್ಣುಮಕ್ಕಳು ತೀರಿಕೊಂಡರು. ಇಷ್ಟಾದ ಮೇಲೂ ಈ ಪರೀಕ್ಷೆಯನ್ನು ಮೂರು ಸಾಲಿನಲ್ಲಿ ಮುಗಿಸುವುದನ್ನು ಒಪ್ಪಲಾರೆ.

ಆದ್ದರಿಂದ ಈ ಪತ್ರ ತಲುಪಿದ ಒಂದು ವಾರದೊಳಗೆ ಅಕ್ಕನವರ ಪ್ಯಾರಾಫಿನ್ ಬ್ಲಾಕ್ ಮತ್ತು ಎಲ್ಲ ಸ್ಲೈಡುಗಳನ್ನು ನಮಗೆ ಕೊಡಬೇಕು. ಬೇರೆ ಪ್ರಯೋಗಾಲಯದಲ್ಲಿ ನಡೆಯುವ ಮರುಪರೀಕ್ಷೆಯ ವೆಚ್ಚವನ್ನು ನೀವೇ ಭರಿಸಬೇಕು. ಶೇಕಡಾವಾರು, ತೀವ್ರತೆ, ಕಂಟ್ರೋಲ್ ಮತ್ತು ಫಾರ್ಮಲಿನ್ ಅವಧಿಗಳನ್ನು ನಮೂದಿಸಿದ ಪರಿಷ್ಕೃತ ವರದಿಯನ್ನು ಹಿರಿಯ ರೋಗಶಾಸ್ತ್ರಜ್ಞರ ಸಹಿಯೊಂದಿಗೆ ನೀಡಬೇಕು. ಅದೇ ದಿನ ಅದೇ ಬ್ಯಾಚಿನಲ್ಲಿ ಪರೀಕ್ಷೆಗೊಳಗಾಗಿ ಇ.ಆರ್. ನೆಗೆಟಿವ್ ಎನಿಸಿಕೊಂಡ ಇತರ ಮಹಿಳೆಯರ ಸ್ಲೈಡುಗಳನ್ನೂ ಮತ್ತೆ ನೋಡಬೇಕೆಂದು ಒತ್ತಾಯಿಸುತ್ತೇನೆ. ತಮ್ಮ ವರದಿಯ ಮೇಲೆ ಅನುಮಾನ ಪಡಬಹುದೆಂಬುದೇ ಅವರಿಗೆ ಗೊತ್ತಿರಲಾರದು. ಗಡುವಿನೊಳಗೆ ಕ್ರಮವಾಗದಿದ್ದರೆ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಎನ್.ಎ.ಬಿ.ಎಲ್.ಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ.

ವರದಿ, ಮಾದರಿ ಸ್ವೀಕೃತಿಯ ರಸೀದಿ, ತಜ್ಞರ ಸಲಹಾ ಚೀಟಿ ಮತ್ತು ಅಕ್ಕನವರ ಒಪ್ಪಿಗೆ ಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ತಂಗಿ, ದಾವಣಗೆರೆ