ಸಣ್ಣ ದೇಶಗಳಿಗೆ ಅಡ್ಡಿ ಅಂಗಳದಲ್ಲಲ್ಲ, ವರ್ಗೀಕರಣದಲ್ಲಿ

ಮಾನ್ಯರೇ,

ಹಾಸನ ಜಿಲ್ಲೆಯ ಪ್ಯಾರಾ ಎತ್ತರ ಜಿಗಿತಗಾರ ಎಚ್.ಎನ್. ಗಿರೀಶ್ ಅವರ ಪ್ರಸ್ತಾಪ ಬಂದಾಗಲೆಲ್ಲ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ 'ಕೂದಲೆಳೆಯಲ್ಲಿ ಕೈತಪ್ಪಿತು' ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಆ ಚಿನ್ನ ಯಾರ ಪಾಲಾಯಿತು ಎಂಬುದು ಮಾತ್ರ ಅಪರೂಪಕ್ಕೂ ಅಚ್ಚಾಗುವುದಿಲ್ಲ. ಗೆದ್ದವರು ಫಿಜಿಯ ಇಲಿಯೆಸಾ ದೆಲಾನಾ. ಸುಮಾರು ಒಂಬತ್ತು ಲಕ್ಷ ಜನಸಂಖ್ಯೆಯ ಆ ದ್ವೀಪದೇಶಕ್ಕೆ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡೂ ಸೇರಿ ದಕ್ಕಿದ ಮೊಟ್ಟಮೊದಲ ಪದಕ ಅದು. ಫಿಜಿ ಎಂದರೆ ಎಲ್ಲರಿಗೂ ನೆನಪಾಗುವ ರಗ್ಬಿ ಸೆವೆನ್ಸ್ ಚಿನ್ನ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ, ರಿಯೊದಲ್ಲಿ.

ಕೂದಲೆಳೆಯ ಮಾತೂ ಸರಿಯಲ್ಲ. 2012ರ ಸೆಪ್ಟೆಂಬರ್ 3ರಂದು ಕಾಲಿನ ಅಂಗವೈಕಲ್ಯವುಳ್ಳವರ ಎಫ್-42 ವರ್ಗದ ಎತ್ತರ ಜಿಗಿತದಲ್ಲಿ ಇಬ್ಬರೂ ದಾಟಿದ್ದು 1.74 ಮೀಟರ್. ಸಮ ಬಂದಾಗ ನೋಡುವುದು ವೈಫಲ್ಯಗಳ ಲೆಕ್ಕ. ದಾಟಿದ ಕೊನೆಯ ಎತ್ತರದಲ್ಲಿ ಯಾರು ಕಡಿಮೆ ಬಾರಿ ಅಡ್ಡಪಟ್ಟಿ ಬೀಳಿಸಿದರು ಎಂಬುದು ಮೊದಲು. ಅಲ್ಲೂ ಸಮವಾದರೆ ಆರಂಭದಿಂದ ಆ ಎತ್ತರದವರೆಗಿನ ಒಟ್ಟು ವೈಫಲ್ಯ. 'ಪಾಸ್' ಹೇಳಿ ಬಿಟ್ಟ ಎತ್ತರ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಸುಲಭದ ಎತ್ತರದಲ್ಲಿ ಉದಾಸೀನದಿಂದ ಬೀಳಿಸಿದ ಪಟ್ಟಿಯೂ ಕೊನೆಗೆ ಪದಕದ ಬಣ್ಣ ಬದಲಿಸಬಹುದು. ಗಿರೀಶ್ ಒಂದರ ಹಿಂದೊಂದು ಕಾಲು ಪಟ್ಟಿ ದಾಟಿಸುವ ಕತ್ತರಿ ಶೈಲಿಯಲ್ಲಿ ಹಾರಿದವರು. ದೆಲಾನಾ ಕೃತಕ ಕಾಲಿಲ್ಲದೆ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಬಂದು ಅದೇ ಕಾಲಿನಿಂದ ಚಿಮ್ಮಿದವರು. ಇಂಥ ಇಬ್ಬರನ್ನು ಒಂದೇ ಪಟ್ಟಿಯ ಮುಂದೆ ನಿಲ್ಲಿಸುವುದು ವರ್ಗೀಕರಣ, ಅಂದರೆ ಅಂಗವೈಕಲ್ಯ ಪರೀಕ್ಷಿಸಿ ಕ್ರೀಡಾಪಟುಗಳನ್ನು ಸ್ಪರ್ಧೆಯ ವರ್ಗಗಳಿಗೆ ಹಂಚುವ ಕ್ರಮ. ಸಣ್ಣ ದೇಶಗಳ ನಿಜವಾದ ಕಷ್ಟ ಶುರುವಾಗುವುದೂ ಅಲ್ಲೇ.

ಕ್ರೀಡಾಪಟು ತಾನಾಗಿಯೇ ಹೋಗಿ ವರ್ಗ ಪಡೆಯುವಂತಿಲ್ಲ. ಅರ್ಜಿ ದೇಶದ ಪ್ಯಾರಾಲಿಂಪಿಕ್ ಸಮಿತಿಯ ಮೂಲಕವೇ ಹೋಗಬೇಕು. ಕೂಟಕ್ಕೆ ವಾರಗಳ ಮುಂಚೆ ವೈದ್ಯಕೀಯ ನಮೂನೆ ತಲುಪಿರಬೇಕು: ಇಂಗ್ಲಿಷಿನಲ್ಲಿ ರೋಗನಿರ್ಣಯ, ವೈದ್ಯರ ಸಹಿ, ಅಗತ್ಯವಿದ್ದರೆ ಎಕ್ಸ್‌ರೇ, ನರಪರೀಕ್ಷೆಯ ವರದಿ. ಅಂಗಚ್ಛೇದವಾದರೆ ನೋಡಿದೊಡನೆ ತಿಳಿಯುತ್ತದೆ. ಪೋಲಿಯೊ, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಯ ಗಾಯ ಆದಾಗ ಹಾಗಲ್ಲ. 'ಕಾಲಿನಲ್ಲಿ ಬಲವಿಲ್ಲ' ಎಂದಷ್ಟೇ ಬರೆದ ಪತ್ರ ನಡೆಯದು. ಕಾರಣವೇನು ಎಂದು ಇರಬೇಕು. ನರರೋಗ ತಜ್ಞರೇ ವಿರಳವಾದ ದೇಶದಲ್ಲಿ ಎಷ್ಟೋ ಅರ್ಜಿ ಈ ಹಂತದಲ್ಲೇ ಕೂರುತ್ತದೆ.

ಆಮೇಲೆ ತಜ್ಞರ ಸಮಿತಿ ಸ್ನಾಯುಬಲ, ಕೀಲುಗಳ ಚಲನೆ ಪರೀಕ್ಷಿಸಿ, ಆಟದ ಚಲನೆಗಳನ್ನು ಮಾಡಿಸಿ, ಬೇಕೆಂದರೆ ಮೊದಲ ಸ್ಪರ್ಧೆಯಲ್ಲೂ ಗಮನಿಸುತ್ತದೆ. ಇಂಥ ಅಂತರರಾಷ್ಟ್ರೀಯ ಸಮಿತಿ ಎಲ್ಲ ಕೂಟಕ್ಕೂ ಬರುವುದಿಲ್ಲ. ಫಿಜಿಯವರಿಗೆ ಸಾಮಾನ್ಯವಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡೇ ಗತಿ. ಫಿಜಿಯ ರಾಜಧಾನಿ ಸುವಾದಿಂದ ಸಿಡ್ನಿಗೇ ಮೂರು ಸಾವಿರ ಕಿ.ಮೀ. ದೂರವಿದೆ. ಅಷ್ಟು ದೂರ ಹೋದವರನ್ನು 'ಕನಿಷ್ಠ ಅಂಗವೈಕಲ್ಯದ ಮಟ್ಟ ತಲುಪಿಲ್ಲ' ಎಂದು ವಾಪಸ್ ಕಳಿಸುವುದೂ ಉಂಟು. ಅವರ ದೇಶದಲ್ಲೇ ಒಂದು ಪ್ರಾಥಮಿಕ ಪರೀಕ್ಷೆ ಆಗಿದ್ದರೆ ಆ ಟಿಕೆಟ್ ಉಳಿಯುತ್ತಿತ್ತು. ಆದರೆ ಅದಕ್ಕೂ ತರಬೇತಿ ಪಡೆದ ಫಿಸಿಯೊ ಬೇಕು.

ವರ್ಗ ಸಿಕ್ಕ ಮೇಲೂ ಊರಿನ ಕೂಟದಲ್ಲಿ ಹಾರಿದ ಎತ್ತರ, ಎಸೆದ ದೂರ ಲೆಕ್ಕಕ್ಕಿಲ್ಲ. ಕ್ರೀಡಾಪಟುವಿಗೆ ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವಿಶ್ವ ಪ್ಯಾರಾ ಅಥ್ಲೆಟಿಕ್ಸ್‌ನ ಲೈಸೆನ್ಸ್ ಇರಬೇಕು, ಕೂಟಕ್ಕೆ ಅದರ ಮಾನ್ಯತೆ ಇರಬೇಕು, ನಿಗದಿತ ಅವಧಿಯೊಳಗೆ ಕನಿಷ್ಠ ಪ್ರವೇಶಮಟ್ಟ ಮುಟ್ಟಬೇಕು. ಸಣ್ಣ ದೇಶಗಳಿಗೆ ನೇರ ಆಹ್ವಾನದ ಸೀಟು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದಕ್ಕೂ ಅಂತರರಾಷ್ಟ್ರೀಯ ವರ್ಗೀಕರಣ ಆಗಿರಲೇಬೇಕು.

ಕುಳಿತು ಎಸೆಯುವ ಸ್ಪರ್ಧೆಗಳಲ್ಲಿ ಇನ್ನೊಂದು ತೊಡಕು, ಎಸೆತದ ಚೌಕಟ್ಟು: ಕ್ರೀಡಾಪಟು ಕುಳಿತು ಎಸೆಯುವ ಲೋಹದ ಆಸನ. ವಿದೇಶದಿಂದ ತರಿಸಬೇಕಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು; ನಿಯಮ ಗೊತ್ತಿದ್ದರೆ. ದಿಂಬು ಸೇರಿ ಆಸನದ ಎತ್ತರ 75 ಸೆಂ.ಮೀ. ಮೀರಬಾರದು. ಬೆಸುಗೆ ಹಾಕುವವರು ಆಸನವನ್ನೇ 75ಕ್ಕೆ ನಿಲ್ಲಿಸಿ, ಮೇಲೆ ದಿಂಬು ಬಿದ್ದಾಗ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಆಸನ ಚೌಕ ಅಥವಾ ಆಯತ, ಪ್ರತಿ ಬದಿ ಕನಿಷ್ಠ 30 ಸೆಂ.ಮೀ. ಕೈಹಿಡಿಯ ಕಂಬ ಒಂದೇ ತುಂಡಿನದು, ನೆಟ್ಟಗೆ, ದುಂಡು ಅಥವಾ ಚೌಕ. ಬಾಗು, ಸ್ಪ್ರಿಂಗ್, ಅಲುಗುವ ಕೀಲು ಕೂಡದು. ಬಿಚ್ಚಿ ಜೋಡಿಸುವಂತೆ ಮಾಡಿಸಿದರೆ ವಿಮಾನದ ಲಗೇಜ್ ಖರ್ಚು ಇಳಿಯುತ್ತದೆ, ಆದರೆ ಬೋಲ್ಟು ಸಡಿಲವಾಗಿ ಚೌಕಟ್ಟು ಅಲುಗಾಡಿದರೆ ಎಸೆತದ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಬರೆಯಲು ಕಾರಣವಿದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಓಪನ್ ಪ್ಯಾರಾ ಅಥ್ಲೆಟಿಕ್ಸ್ ನಡೆದಿದೆ, 2025ರಲ್ಲಿ ದೆಹಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಸಿದೆ. ಪಕ್ಕದ ಭೂತಾನ್, ಮಾಲ್ದೀವ್ಸ್ ಪ್ಯಾರಾಲಿಂಪಿಕ್ಸ್‌ಗೆ ಮೊದಲು ಬಂದದ್ದೇ ಟೋಕಿಯೊ ಕೂಟಕ್ಕೆ. ನೇಪಾಳಕ್ಕೆ ಪಲೇಶಾ ಗೋವರ್ಧನ್ ಟೇಕ್ವಾಂಡೊ ಕಂಚಿನ ಮೂಲಕ ಮೊದಲ ಪ್ಯಾರಾಲಿಂಪಿಕ್ ಪದಕ ತಂದದ್ದು ಪ್ಯಾರಿಸ್‌ನಲ್ಲಿ. ಮಾಲ್ದೀವ್ಸ್ ರಾಜಧಾನಿ ಮಾಲೆಯಿಂದ ಬೆಂಗಳೂರಿಗೆ ಸುಮಾರು ಎರಡು ಗಂಟೆಯ ಹಾರಾಟ. ಇಲ್ಲಿ ಮಾನ್ಯತೆಯ ಕೂಟ ನಡೆಯುವಾಗ ವರ್ಗೀಕರಣದ ಸರದಿಯಲ್ಲಿ ಈ ದೇಶಗಳಿಗೆ ನಾಲ್ಕೈದು ಜಾಗ ಮೀಸಲಿಡಲಿ. ನಿಯಮದಂತೆ ಮಾಡಿಸಿದ ಎರಡು ಚೌಕಟ್ಟು ಕ್ರೀಡಾಂಗಣದಲ್ಲೇ ಇದ್ದರೆ ಅವರು ಕಬ್ಬಿಣ ಹೊತ್ತು ಬರುವುದೂ ತಪ್ಪುತ್ತದೆ. ಕ್ರೀಡಾ ಇಲಾಖೆಗೆ ಇದು ದೊಡ್ಡ ಖರ್ಚೇನಲ್ಲ. ಮುಂದಿನ ಕೂಟದ ಆಹ್ವಾನಪತ್ರ ಹೊರಡುವ ಮುನ್ನವೇ ತೀರ್ಮಾನವಾಗಲಿ. ನಮೂನೆ ತುಂಬಿಸಲು ಅವರಿಗೂ ವಾರಗಳು ಬೇಕು.

– ಒಬ್ಬ ಪ್ಯಾರಾ ಅಥ್ಲೆಟಿಕ್ಸ್ ತರಬೇತುದಾರ, ಹಾಸನ