ಪೆನಾಂಗ್‌ನಲ್ಲಿ ಹಡಗು ನಿಂತ ದಿನದ ಊಟ: ಮೇಘನಾಳಿಗೆ ದೊಡ್ಡಪ್ಪನ ಪತ್ರ

ಚಿ. ಸೌ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಟಿಕೆಟ್ ಆಯಿತು, ದಾರಿಯಲ್ಲಿ ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ಸಿಗುತ್ತವೆ, ಪೆನಾಂಗ್‌ನಲ್ಲಿ ಇಳಿದು ಹೊರಗೆ ಊಟ ಮಾಡಬಹುದೇ ಎಂದು ಕೇಳಿದ್ದೀಯ. ಖಂಡಿತ ಮಾಡಿ. ಬಫೆಗೆ ಮೊದಲೇ ದುಡ್ಡು ಕಟ್ಟಾಗಿದೆ ಎಂದು ಮಧ್ಯಾಹ್ನದ ಊಟಕ್ಕೆ ಹಡಗಿಗೇ ವಾಪಸ್ ಹತ್ತುವವರು ಬಹಳ ಮಂದಿ. ಆ ಬಫೆ ನಾಳೆಯೂ ಇರುತ್ತದೆ, ಪೆನಾಂಗ್‌ನ ಮುಖ್ಯ ಊರಾದ ಜಾರ್ಜ್‌ಟೌನ್‌ನ ಬೀದಿ ಊಟ ನಾಳೆ ಇರುವುದಿಲ್ಲ.

ನಿಮ್ಮ ಗುಂಪು ಮಾತ್ರ ಸ್ವಲ್ಪ ಯೋಚಿಸಿ ಹೆಜ್ಜೆ ಇಡಬೇಕಾದ ಗುಂಪು. ನಿನ್ನ ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅಳಿಯಂದಿರು ಕುಂದಾಪುರದವರು, ಮೀನು ಬೇಕೇ ಬೇಕು, ದನದ ಮಾಂಸ ಮತ್ತು ಹಂದಿ ಬೇಡ. ಪುಟ್ಟಿಗೆ ಕಡಲೆಕಾಯಿ ಅಲರ್ಜಿ. ಮೂವರಿಗೂ ಆ ಊರಿನಲ್ಲಿ ಒಳ್ಳೆಯ ಊಟ ಇದೆ. ತಟ್ಟೆಯ ಮೇಲೆ ಕಣ್ಣಿಗೆ ಕಾಣುವುದನ್ನು ಬೇಡ ಎಂದು ಬಿಡುವುದು ಸುಲಭ. ಸಾರಿನಲ್ಲಿ, ಚಟ್ನಿಯಲ್ಲಿ, ಬಾಣಲೆಯ ಕೊಬ್ಬಿನಲ್ಲಿ ಕರಗಿ ಹೋಗಿರುವುದನ್ನು ಮಾತ್ರ ಬಾಯಿಬಿಟ್ಟು ಕೇಳಲೇಬೇಕು.

ಮೊದಲು ಹೊತ್ತಿನ ಲೆಕ್ಕ. ಹಡಗು ಸಂಜೆ 6ಕ್ಕೆ ಹೊರಡುತ್ತದೆ ಎಂದರೆ ಎಲ್ಲರೂ ಒಳಗಿರಬೇಕಾದ ಹೊತ್ತು ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಅದನ್ನು ಬರೆದಿರುತ್ತಾರೆ. ಆ ಹಾಳೆಯ ಫೋಟೋ ತೆಗೆದುಕೊ. ಬಂದರಿನ ಏಜೆಂಟರ ಫೋನ್ ನಂಬರ್ ಕೂಡ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ವಾಪಸ್ ಬರುವಾಗ ಸ್ಕ್ಯಾನರ್ ಮುಂದಿನ ಸಾಲಿಗೆ ಅರ್ಧ ಗಂಟೆ ಇಟ್ಟುಕೊ, ದಾರಿಗೆ ಇನ್ನೊಂದು ಅರ್ಧ ಗಂಟೆ. ಅಂದರೆ 5ಕ್ಕೆ ಒಳಗಿರಬೇಕಾದರೆ 4ಕ್ಕೆ ಕೈ ತೊಳೆದು ಎದ್ದಿರಬೇಕು. ಹಡಗಿನವರೇ ಮಾರುವ ಟೂರ್ ತಡವಾದರೆ ಅವರು ಕಾಯುತ್ತಾರೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಇಳಿಯುವಾಗ ಹಡಗಿನ ಕಾರ್ಡ್ ಎಲ್ಲರ ಬಳಿಯೂ ಇರಲಿ. ಪಾಸ್‌ಪೋರ್ಟ್ ಕೈಯಲ್ಲಿ ಬೇಕೋ ಬೇಡವೋ ಎಂಬುದನ್ನು ಹಿಂದಿನ ದಿನವೇ ರಿಸೆಪ್ಷನ್‌ನಲ್ಲಿ ಕೇಳು.

ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ನಲ್ಲಿ ನಿಲ್ಲುತ್ತದೆ. ಬೇರೆ ಎಷ್ಟೋ ಬಂದರುಗಳಲ್ಲಿ ಊರು ತಲುಪಲು ಟ್ಯಾಕ್ಸಿಯಲ್ಲಿ ಒಂದು ಗಂಟೆ ಬೇಕು, ಇಲ್ಲಿ ಗೇಟ್ ದಾಟಿದರೆ ಊರೇ. ಹೊರಗೆ ಟೂರ್ ಟೂರ್ ಎಂದು ಕೂಗುವ ಟ್ಯಾಕ್ಸಿಯವರನ್ನು ದಾಟಿ ನಡೆದರೆ ಗಡಿಯಾರ ಗೋಪುರ, ಕಾರ್ನ್‌ವಾಲಿಸ್ ಕೋಟೆ, ಅಲ್ಲಿಂದ ಹತ್ತು ಹದಿನೈದು ನಿಮಿಷಕ್ಕೆ ಲಿಟಲ್ ಇಂಡಿಯಾ. ಲೆಬು ಪಾಸಾರ್, ಲೆಬು ಕ್ವೀನ್, ಲೆಬು ಪೆನಾಂಗ್ ಈ ಮೂರು ಬೀದಿಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿಕೊ, ‘ಲೆಬು’ ಎಂದರೆ ಬೀದಿ. ಕ್ವೀನ್ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನವಿದೆ. ಅಂಗಡಿಗಳ ಮುಂದಿನ ಜಗಲಿಯ ನೆರಳಲ್ಲೇ ನಡೆಯಬಹುದು, ಆದರೆ ಅಂಗಡಿಯಿಂದ ಅಂಗಡಿಗೆ ಜಗಲಿಯ ಎತ್ತರ ಬದಲಾಗುತ್ತದೆ, ಅಮ್ಮನ ಕೈ ಹಿಡಿದುಕೊ. ಕೆಕ್ ಲೋಕ್ ಸಿ ದೇವಾಲಯ, ಪೆನಾಂಗ್ ಹಿಲ್ ಎರಡೂ ಊರಾಚೆ ಇವೆ. ಅವನ್ನೂ ನೋಡಿ ಊಟವನ್ನೂ ನೆಮ್ಮದಿಯಾಗಿ ಮಾಡುತ್ತೇವೆ ಎಂದರೆ ಎರಡೂ ಕೆಡುತ್ತವೆ. ಒಂದನ್ನು ಆರಿಸಿಕೊಳ್ಳಿ.

ಊಟಕ್ಕೆ 11:30ಕ್ಕೇ ಕೂತುಬಿಡಿ. 12:30ರಿಂದ 1:30ರವರೆಗೆ ಆಫೀಸಿನವರು ತುಂಬಿಕೊಳ್ಳುತ್ತಾರೆ. ಶುಕ್ರವಾರವಾದರೆ ಮುಸ್ಲಿಂ ಹೋಟೆಲುಗಳು ನಮಾಜಿಗೆಂದು ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರಬಹುದು. ಇಂಟರ್‌ನೆಟ್ಟಿನಲ್ಲಿ ಹೊಗಳಿರುವ ಗರ್ನಿ ಡ್ರೈವ್, ಕಿಂಬರ್ಲಿ ಬೀದಿ, ಚುಲಿಯಾ ಬೀದಿಯ ಗಾಡಿಗಳು ಸಂಜೆ ಮೇಲೆ ಕಳೆಗಟ್ಟುವಂಥವು. ಹಗಲು ಹೊತ್ತು ಬಂದ ಹಡಗಿನವರು ಅಲ್ಲಿಗೆ ಹೋಗಿ ಖಾಲಿ ರಸ್ತೆ ನೋಡಿ ಬರುತ್ತಾರೆ. ನಿಮ್ಮ ಹಡಗು ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋಗುತ್ತದೆ ಎಂಬುದರ ಮೇಲೆ ಜಾಗ ಆರಿಸು.

ಇನ್ನು ಕೋಪಿತಿಯಾಮ್‌ನ ರೀತಿ ತಿಳಿದಿರಬೇಕು. ಒಂದೇ ಸೂರಿನ ಕೆಳಗೆ ಬೇರೆ ಬೇರೆಯವರ ಐದಾರು ಗಾಡಿಗಳು, ನಡುವೆ ಮೇಜುಗಳು. ಸೂರಿನ ಮಾಲೀಕ ಮಾರುವುದು ಕಾಫಿ, ಟೀ, ಜ್ಯೂಸ್. ಮೊದಲು ಮೇಜು ಹಿಡಿದು ಅದರ ನಂಬರ್ ನೋಡಿಕೊ. ಒಬ್ಬರು ಕೂತಿರಲಿ, ಒಬ್ಬರು ಗಾಡಿಗಳ ಹತ್ತಿರ ಹೋಗಿ ತಿಂಡಿ ಹೇಳಿ ನಂಬರ್ ಕೊಟ್ಟು ಬನ್ನಿ. ತಟ್ಟೆ ಬಂದಾಗ ಆಯಾ ಗಾಡಿಯವನಿಗೆ ಆಗಲೇ ದುಡ್ಡು ಕೊಡಬೇಕು, ಕೊನೆಗೆ ಒಂದೇ ಬಿಲ್ ಬರುವುದಿಲ್ಲ. ತಲೆಗೊಂದು ಪಾನೀಯ ತೆಗೆದುಕೊಳ್ಳುವುದು ಅಲ್ಲಿನ ಮರ್ಯಾದೆ, ಕೆಲವು ಕಡೆ ತೆಗೆದುಕೊಳ್ಳದಿದ್ದರೆ ಸ್ವಲ್ಪ ಹೆಚ್ಚು ಹಣ ಕೇಳುತ್ತಾರೆ. ಬರೀ ‘ಕೋಪಿ’ ಎಂದರೆ ಕಂಡೆನ್ಸ್ಡ್ ಹಾಲು ಹಾಕಿ ತರುತ್ತಾರೆ, ‘ಕೋಪಿ ಓ’ ಎಂದರೆ ಹಾಲಿಲ್ಲದೆ ಸಕ್ಕರೆ ಹಾಕಿದ್ದು, ‘ಕೋಪಿ ಓ ಕೊಸೊಂಗ್’ ಎಂದರೆ ಎರಡೂ ಇಲ್ಲದ್ದು. ಸಿಹಿ ಕಡಿಮೆ ಬೇಕಾದರೆ ‘ಕುರಾಂಗ್ ಮಾನಿಸ್’. ಎಲ್ಲವನ್ನೂ ಚಿಕ್ಕ ತಟ್ಟೆಯಲ್ಲೇ ಕೇಳು, ನಾಲ್ಕು ಬಗೆ ರುಚಿ ನೋಡಬಹುದು.

ಈಗ ಅಮ್ಮನ ವಿಷಯ. ‘ಸಾಯುರ್’ ಎಂದು ಬೋರ್ಡಿನಲ್ಲಿ ಇದ್ದರೆ ತರಕಾರಿ ಇದೆ ಎಂದಷ್ಟೇ. ಕಾಂಗ್‌ಕುಂಗ್ ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್ ಎನ್ನುವ ಸೀಗಡಿ ಪೇಸ್ಟ್ ಬೀಳುತ್ತದೆ. ತೆಂಗಿನ ಹಾಲಿನ ಅನ್ನವಾದ ನಾಸಿ ಲೆಮಾಕ್‌ನ ಸಂಬಾಲ್ ಚಟ್ನಿಯಲ್ಲೂ ಅದೇ, ಮೇಲೆ ಒಣ ಮೀನು ಬೇರೆ. ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ರೊಟ್ಟಿ ಚನಾಯ್ ಜೊತೆ ಕೊಡುವ ಬೇಳೆ ಸಾರಿಗೆ ಎಷ್ಟೋ ಕಡೆ ಕುರಿ ಮೂಳೆ ಹಾಕಿ ಕುದಿಸಿರುತ್ತಾರೆ, ಇಲ್ಲವೇ ಬೇಳೆಯ ಮೇಲೆ ಒಂದು ಸೌಟು ಮೀನು ಸಾರು ಹುಯ್ಯುತ್ತಾರೆ. ರೊಟ್ಟಿಯ ಹಿಟ್ಟಿಗೆ ಕೆಲವರು ಮೊಟ್ಟೆಯನ್ನೂ ಕಲಸುತ್ತಾರೆ. ಹಂದಿ ಇಲ್ಲದ ಅಂಗಡಿ ಎಂದ ಮಾತ್ರಕ್ಕೆ ಸಸ್ಯಾಹಾರಿಗೆ ಏನೂ ಅನುಕೂಲವಿಲ್ಲ.

ಅಮ್ಮನಿಗೆ ಸರಿಹೊಂದುವುದು ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲು. ಸಂಪ್ರದಾಯದಂತೆ ನಡೆಸುವ ಕಡೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಿಷಿದ್ಧ, ನಮ್ಮ ಮಡಿ ಅಡಿಗೆಯ ನಿಯಮಕ್ಕೆ ಬಹಳ ಹತ್ತಿರ. ಬೋರ್ಡಿನ ಮೇಲೆ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ. ಚೀನೀ ಭಾಷೆಯಲ್ಲಿ ಸಸ್ಯಾಹಾರಕ್ಕೆ ಬರೆಯುವ ಅಕ್ಷರದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊ, ಗಲ್ಲಿಯಲ್ಲಿ ಹುಡುಕಲು ಅದೇ ಸಾಕು. ಚಾಂದ್ರಮಾನದ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಇಂಥ ಗಾಡಿಗಳು ಹೆಚ್ಚು. ಅನ್ನ ಹಾಕಿದ ತಟ್ಟೆ ಹಿಡಿದು ಸಾಲಾಗಿ ಇಟ್ಟ ಪಲ್ಯಗಳಲ್ಲಿ ಬೇಕಾದ್ದನ್ನು ಬಡಿಸಿಕೊಳ್ಳುವುದು, ಎಷ್ಟು ಬಗೆ ಎಂದು ನೋಡಿ ದುಡ್ಡು ಹೇಳುತ್ತಾರೆ. ಮೀನಿನ ಆಕಾರದ, ಬಾತುಕೋಳಿಯ ಹೆಸರಿನ ತುಂಡುಗಳೂ ಇರುತ್ತವೆ. ಅವು ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದವು, ಆದರೆ ಕೆಲವಕ್ಕೆ ಮೊಟ್ಟೆಯ ಬಿಳಿ ಸೇರಿರುತ್ತದೆ. ಅಮ್ಮನಿಗೆ ಅವನ್ನು ಮೊದಲೇ ತೋರಿಸಿ ಹೇಳು, ತಟ್ಟೆಗೆ ಬಿದ್ದ ಮೇಲೆ ಗಾಬರಿಯಾಗುವುದು ಬೇಡ. ತೋಫು, ಅಣಬೆ, ಸೊಪ್ಪು, ಕೋಸು ಧಾರಾಳವಾಗಿ ಇರುತ್ತವೆ. ಇಂಥ ಅಂಗಡಿಗಳಲ್ಲಿ ಮಧ್ಯಾಹ್ನ 2ರ ಹೊತ್ತಿಗೆ ಪಾತ್ರೆಗಳು ಖಾಲಿಯಾಗತೊಡಗುತ್ತವೆ.

ಅದು ಸಿಗದಿದ್ದರೆ ಲೆಬು ಪೆನಾಂಗ್‌ನ ತಮಿಳು ಸಸ್ಯಾಹಾರಿ ಹೋಟೆಲು. ಅಲ್ಲಿ ಇಡ್ಲಿ, ಮೊಸರನ್ನ, ಬಾಳೆಲೆ ಊಟ ಇದೆ, ಸಾಂಬಾರಿಗೆ ಮಾತ್ರ ಈರುಳ್ಳಿ ಇರುತ್ತದೆ. ಒಂದೇ ಹೆಸರಿನಲ್ಲಿ ಸಸ್ಯಾಹಾರಿ ಶಾಖೆ ಬೇರೆ, ಮಾಂಸಾಹಾರಿ ಶಾಖೆ ಬೇರೆ ಇರುವುದುಂಟು, ಒಳಗೆ ಹೋಗುವ ಮುಂಚೆ ಬೋರ್ಡ್ ಪೂರ್ತಿ ಓದು. ಲಿಟಲ್ ಇಂಡಿಯಾದಲ್ಲಿ ತಮಿಳು, ಉಳಿದ ಕಡೆ ಇಂಗ್ಲಿಷ್ ನಡೆಯುತ್ತದೆ. ಆದರೂ ಮಲಯ ಭಾಷೆಯ ಈ ಒಂದು ಸಾಲು ಬರೆದಿಟ್ಟುಕೊ: ‘ತಾಕ್ ಮಾಕಾನ್ ಡಾಗಿಂಗ್, ಆಯಾಮ್, ಇಕಾನ್, ಉಡಾಂಗ್, ತೆಲುರ್, ಬೆಲಾಚಾನ್’. ಮಾಂಸ, ಕೋಳಿ, ಮೀನು, ಸೀಗಡಿ, ಮೊಟ್ಟೆ, ಸೀಗಡಿ ಪೇಸ್ಟ್ ತಿನ್ನುವುದಿಲ್ಲ ಎಂದು. ಬರೀ ವೆಜಿಟೇರಿಯನ್ ಎಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡುವವರಿದ್ದಾರೆ.

ಅಳಿಯಂದಿರಿಗೆ ಅಸಾಂ ಲಕ್ಸಾ ಎಂಬ ಹುಳಿ ಮೀನು ಸಾರಿನ ನೂಡಲ್ಸ್ ಹೇಳಿಮಾಡಿಸಿದ ಹಾಗಿದೆ. ಅದರ ಮೀನು ಇಕಾನ್ ಕೆಂಬುಂಗ್, ನಮ್ಮ ಬಂಗುಡೆಯ ಬಳಗವೇ. ಬೇಯಿಸಿ ಮುಳ್ಳು ಬಿಡಿಸಿ ಸಾರಿನಲ್ಲೇ ಕದಡಿರುತ್ತಾರೆ. ಹುಳಿಗೆ ಹುಣಸೆ, ಜೊತೆಗೆ ಅಸಾಂ ಕೆಪಿಂಗ್ ಎಂಬ ಒಣ ಹೋಳು, ಅದು ಮಲೆನಾಡಿನ ಉಪ್ಪಾಗೆಯ ಕುಲದ್ದು. ಮೇಲೆ ಪುದೀನ, ಅನಾನಸ್, ಸೌತೆ. ಚಮಚದಲ್ಲಿ ಕಪ್ಪಗೆ ಗಟ್ಟಿಯಾಗಿ ಬರುವುದು ಸೀಗಡಿ ಪೇಸ್ಟ್, ಎಲ್ಲವನ್ನೂ ಒಮ್ಮೆಗೇ ಕಲಸದೆ ಸ್ವಲ್ಪ ಸ್ವಲ್ಪ ಬಿಡಲು ಹೇಳು.

ಚಾರ್ ಕ್ವೇ ತಿಯಾವ್ ಆ ಊರಿನ ಹೆಮ್ಮೆ. ಒಂದು ಕ್ಷಣ ಗಾಡಿಯ ಪಕ್ಕ ನಿಂತು ನೋಡು. ಕೆಂಪಗೆ ಕಾದ ಬಾಣಲೆಗೆ ಕೊಬ್ಬು, ಬೆಳ್ಳುಳ್ಳಿ, ಸೀಗಡಿ, ಆಮೇಲೆ ಅಗಲವಾದ ಅಕ್ಕಿ ನೂಡಲ್ಸ್, ಸೋಯಾ ನೀರು ಚಿಮುಕಿಸಿದಾಗ ಏಳುವ ಹೊಗೆ, ಬದಿಗೆ ತಳ್ಳಿ ಮೊಟ್ಟೆ ಒಡೆದು, ಕೊನೆಗೆ ಮೊಳಕೆ ಕಾಳು, ಚೈವ್ಸ್ ಸೊಪ್ಪು. ಒಳ್ಳೆಯ ಗಾಡಿಯವನು ಒಂದು ಸಲಕ್ಕೆ ಒಂದೇ ತಟ್ಟೆ ಹುರಿಯುತ್ತಾನೆ. ನಾಲ್ಕು ತಟ್ಟೆ ಒಟ್ಟಿಗೆ ಹಾಕಿದರೆ ಬಾಣಲೆ ಆರಿ ನೂಡಲ್ಸ್ ನೀರು ಬಿಟ್ಟು ಮುದ್ದೆಯಾಗುತ್ತದೆ, ಆ ಸುಟ್ಟ ಘಮ ಬರುವುದಿಲ್ಲ. ಹಾಗಾಗಿ ತಟ್ಟೆಗೆ ಮೂರು ನಾಲ್ಕು ನಿಮಿಷ ಹಿಡಿದರೆ, ನಿಮಗಿಂತ ಮುಂಚೆ ಹತ್ತು ಆರ್ಡರ್ ಇದ್ದಾಗ ಮುಕ್ಕಾಲು ಗಂಟೆ ಕಾಯಬೇಕು. ಹೇಳುವ ಮುಂಚೆ ಮುಂದಿನ ಆರ್ಡರ್ ಎಷ್ಟಿವೆ ಎಂದು ಕೇಳು. ಆ ಕೊಬ್ಬು ಸಾಮಾನ್ಯವಾಗಿ ಹಂದಿಯದು, ಚೀನೀ ಸಾಸೇಜ್ ಕೂಡ. ಅಳಿಯಂದಿರಿಗೆ ಹಂದಿ ಬೇಡವಾದ್ದರಿಂದ ಮುಸ್ಲಿಂ ಗಾಡಿಯಲ್ಲೇ ತಿನ್ನಲಿ. ಹಾಗೆಯೇ ‘ತಾಕ್ ಮಾವು ಕೆರಾಂಗ್’ ಎಂದು ಹೇಳಿ ಚಿಪ್ಪುಮೀನು ಬೇಡ ಎನ್ನಿ. ಕೊನೆಗಳಿಗೆಯಲ್ಲಿ ಹಾಕುವ ಆ ಚಿಪ್ಪು ಅರೆಬೆಂದೇ ಬರುತ್ತದೆ, ಅರೆಬೆಂದ ಚಿಪ್ಪಿನಿಂದ ಹೆಪಟೈಟಿಸ್ ಎ ಬರಬಹುದು.

ನಾಸಿ ಕಂದರ್ ಬೇಕೆಂದರೆ ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ 1907ರಿಂದ ಇದೆ. ಅನ್ನದ ಮೇಲೆ ನಾಲ್ಕೈದು ಸಾರು ಬೆರೆಸಿ ಹುಯ್ಯುವುದೇ ಅದರ ರುಚಿ. ಆ ಬೆರಕೆಯಲ್ಲಿ ದನದ ಸಾರೂ ಇರಬಹುದು. ಅಲ್ಲಿನ ಮೆನುವಿನಲ್ಲಿ ‘ಡಾಗಿಂಗ್’ ಎಂದರೆ ಸಾಮಾನ್ಯವಾಗಿ ದನದ್ದು, ‘ಕಂಬಿಂಗ್’ ಆಡು ಕುರಿಯದು. ಮೀನು ಅಥವಾ ಕೋಳಿ ಸಾರು ಮಾತ್ರ ಹುಯ್ಯಿ ಎಂದು ಸೌಟು ಎತ್ತುವ ಮುಂಚೆ ಹೇಳಬೇಕು. ಬೆಲೆ ಬರೆಯದ ದೊಡ್ಡ ಸೀಗಡಿ, ಮೀನಿನ ತಲೆ ತೋರಿಸಿದರೆ ಎಷ್ಟೆಂದು ಕೇಳಿದ ಮೇಲೆಯೇ ತಟ್ಟೆಗೆ ಹಾಕಿಸಿಕೊಳ್ಳಲಿ.

ಪುಟ್ಟಿಯ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಪಸೆಂಬೂರಿನ ಗೊಜ್ಜು, ರೊಜಾಕ್, ಸಾತೆಯ ಸಾಸ್, ಪೊಪಿಯಾ, ಆಪಂ ಬಾಲಿಕ್ ಎಂಬ ಅಲ್ಲಿನ ತಿಂಡಿಗಳೆಲ್ಲದರಲ್ಲೂ ಸಾಮಾನ್ಯವಾಗಿ ಕಡಲೆಕಾಯಿ ಇರುತ್ತದೆ. ‘ಕಾಚಾಂಗ್’ ಎಂದರೆ ಹುರುಳಿಕಾಯಿಯಂಥ ಕಾಯಿಗಳೂ ಸೇರುತ್ತವೆ, ‘ಕಾಚಾಂಗ್ ತಾನಾ’ ಎಂದೇ ಹೇಳು, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನೂ ತೋರಿಸು. ಚೆಂಡೋಲ್ ಮಕ್ಕಳಿಗೆ ಇಷ್ಟ: ಪಂದನ್ ಎಲೆಯ ಹಸಿರು ಶ್ಯಾವಿಗೆ, ತೆಂಗಿನ ಹಾಲು, ತಾಳೆ ಬೆಲ್ಲ, ರಾಜ್ಮಾ, ತುರಿದ ಐಸ್. ಅದರಲ್ಲಿ ಸಾಮಾನ್ಯವಾಗಿ ಕಡಲೆಕಾಯಿ ಇರುವುದಿಲ್ಲ. ಆದರೆ ಪಕ್ಕದಲ್ಲೇ ಮಾರುವ ಐಸ್ ಕಾಚಾಂಗ್‌ಗೆ ಕಡಲೆಕಾಯಿ ಉದುರಿಸುತ್ತಾರೆ, ಚಮಚ ಒಂದೇ ಆಗಿರಬಹುದು. ಚಮಚ ತೊಳೆದು ಮಾಡಿಕೊಡುತ್ತೀರಾ ಎಂದು ಕೇಳು. ಅವರು ತಡವರಿಸಿದರೆ ಪುಟ್ಟಿಗೆ ಎಳನೀರು ಕೊಡಿಸು. ಅವಳ ಔಷಧಿ ಕ್ಯಾಬಿನ್ನಿನಲ್ಲಿ ಬಿಟ್ಟು ಇಳಿಯಬೇಡ, ನಿನ್ನ ಕೈಚೀಲದಲ್ಲೇ ಇರಲಿ.

ನಲ್ಲಿ ನೀರು ಬೇಡ, ಬಾಟಲಿ ನೀರು ಕುಡಿಯಿರಿ. ನಡುವೆ ತೂತಿರುವ ಕೊಳವೆಯಂಥ ಐಸ್ ಕಾರ್ಖಾನೆಯದು, ಅಂಜಬೇಡಿ. ಊಟಕ್ಕೆ ಮುಂಚೆಯೂ ಹಡಗು ಹತ್ತಿದ ಮೇಲೂ ಸೋಪಿನಿಂದ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ದುಡ್ಡಿಗೆ ರಿಂಗಿಟ್ ನಗದು ಇರಲಿ. ಗಾಡಿಯ ತಟ್ಟೆಗೆ ಸುಮಾರು 7ರಿಂದ 12 ರಿಂಗಿಟ್ ಆಗಬಹುದು, 50ರ ನೋಟಿಗಿಂತ 10, 5ರ ನೋಟು ಉಪಯೋಗಕ್ಕೆ ಬರುತ್ತವೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಎಸಿ ರೆಸ್ಟೋರೆಂಟಿನಲ್ಲಿ ಸರ್ವಿಸ್ ಚಾರ್ಜ್, ತೆರಿಗೆ ಬಿಲ್ಲಿನಲ್ಲೇ ಸೇರುತ್ತದೆ. ಹಡಗಿನಲ್ಲಿರುವಷ್ಟು ಹೊತ್ತು ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಸಮುದ್ರದ ನೆಟ್‌ವರ್ಕಿಗೆ ಸಿಕ್ಕಿಕೊಂಡರೆ ಬಿಲ್ ಭಾರಿ ಬರುತ್ತದೆ.

ಫುಕೆಟ್‌ನಲ್ಲಿ ಒಂದು ಎಚ್ಚರ. ಪೆನಾಂಗ್ ಮತ್ತು ಸಿಂಗಪುರದ ಸಮಯ ಒಂದೇ, ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡದಲ್ಲಿ ನಿನ್ನ ಫೋನ್ 3 ತೋರಿಸುವಾಗ ಹಡಗಿನಲ್ಲಿ 4 ಆಗಿರುತ್ತದೆ. ಒಬ್ಬರ ಕೈಯಲ್ಲಿ ಹಡಗಿನ ಸಮಯದ ಮಾಮೂಲಿ ವಾಚ್ ಇರಲಿ. ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವುದಾದರೆ ವಾಪಸ್ ಸಾಲು ಇನ್ನೂ ಉದ್ದ. ಅಮ್ಮನಿಗೆ ಅಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ‘ಜೇ’ ಅಂಗಡಿ ಹುಡುಕು, ಅಲ್ಲೂ ಬೆಳ್ಳುಳ್ಳಿ ಹಾಕುವುದಿಲ್ಲ. ಉಳಿದ ಕಡೆ ಮೀನಿನ ಸಾಸ್ ಇಲ್ಲದ ಪಲ್ಯ ಅಪರೂಪ.

ಮಿಕ್ಕ ಊಟ ಕಟ್ಟಿಸಿಕೊಂಡು ಬರಬೇಡಿ. ಬೇಯಿಸಿದ ಆಹಾರ, ಹಣ್ಣು ಎರಡನ್ನೂ ಹೆಚ್ಚಿನ ಹಡಗುಗಳು ಗೇಟಿನಲ್ಲೇ ತೆಗೆದಿಡುತ್ತವೆ, ಡುರಿಯನ್ ಅಂತೂ ಹತ್ತಿರಕ್ಕೂ ಬಿಡುವುದಿಲ್ಲ. ಸೀಲ್ ಮಾಡಿದ ಡಬ್ಬಿಯ ತಿಂಡಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ತಾವ್ ಸಾರ್ ಪಿಯಾ ಬಿಸ್ಕತ್ತು ತರುವುದಾದರೆ, ಹೆಸರುಬೇಳೆಯ ಹೂರಣವಾದರೂ ಹೊರಗಿನ ಪದರಕ್ಕೆ ಹಂದಿ ಕೊಬ್ಬು ಬಳಸುವವರುಂಟು. ತರಕಾರಿ ಎಣ್ಣೆಯದು ಎಂದು ಬರೆದಿರುವ ಡಬ್ಬಿಯನ್ನೇ ತಾ. ಪಕ್ಕದಲ್ಲೇ ಕಡಲೆಕಾಯಿ ಮಿಠಾಯಿಯೂ ಮಾರುವ ಅಂಗಡಿಯಾದರೆ ಆ ಬಿಸ್ಕತ್ತನ್ನು ಪುಟ್ಟಿಗೆ ಕೊಡದೆ ನಮ್ಮ ಮನೆಗೆ ಕಳಿಸು, ನಿನ್ನ ದೊಡ್ಡಮ್ಮನಿಗೆ ಇಷ್ಟ.

ಇಂತು ನಿನ್ನ ದೊಡ್ಡಪ್ಪ